ಈ ವರ್ಷ ನಾನು ಅತಿ ಹೆಚ್ಚು ಕೇಳಿದ್ದು ಸುಪ್ರಭಾತವಂತೆ

ಡಿಸೆಂಬರ್ ಮೊದಲ ವಾರದಲ್ಲಿ ಹಾಡಿನ ಆ್ಯಪ್ ನನ್ನ ವರ್ಷದ ಜಾತಕ ಬರೆದು ಕಳಿಸಿತು. ಪರದೆಯ ಮೇಲೆ ಗುಲಾಬಿ, ಹಸಿರು ಬಣ್ಣಗಳು ಸ್ವಲ್ಪ ಹೊತ್ತು ಕುಣಿದು ಫಲಿತಾಂಶ ಹೊರಬಿತ್ತು. 2024ರಲ್ಲಿ ನಾನು ಅತಿ ಹೆಚ್ಚು ಕೇಳಿದ ಕಲಾವಿದೆ ಎಂ.ಎಸ್. ಸುಬ್ಬುಲಕ್ಷ್ಮಿ, ಅತಿ ಹೆಚ್ಚು ಕೇಳಿದ್ದು ವೆಂಕಟೇಶ ಸುಪ್ರಭಾತ. ಎರಡನೆಯ ಸ್ಥಾನದಲ್ಲಿ ಕಲಾವಿದರೇ ಇಲ್ಲ, ಮಳೆಯ ಸದ್ದಿದೆ. ಏಪ್ರಿಲ್ ತಿಂಗಳಲ್ಲಿ ಮೈಸೂರು ಕೂಡ ಬಳ್ಳಾರಿಯಂತೆ ಕಾದಾಗ, ನಿದ್ದೆ ಬಾರದೆ, ಸುಳ್ಳು ಮಳೆಯನ್ನಾದರೂ ಕೇಳೋಣ ಎಂದು ಹಾಕಿಕೊಂಡು ಮಲಗಿದ್ದೆ. ಅದು ಬೆಳಗಿನವರೆಗೆ ಸುರಿದದ್ದೆಲ್ಲ ನನ್ನ ಲೆಕ್ಕಕ್ಕೆ ಜಮೆಯಾಗಿದೆ. ಸುಪ್ರಭಾತದ ಗುಟ್ಟು ಇನ್ನೂ ಸರಳ. ಅಡುಗೆಮನೆಯ ಕಪಾಟಿನ ಮೇಲೆ, ಉಪ್ಪಿನ ಭರಣಿಯ ಪಕ್ಕದಲ್ಲಿ ಒಂದು ಪುಟ್ಟ ಸ್ಪೀಕರ್ ಇದೆ. ಅದು ನನ್ನ ಖಾತೆಗೆ ಜೋಡಣೆಯಾಗಿದೆ. ಬೆಳಿಗ್ಗೆ ಐದೂವರೆಗೆ ಅದನ್ನು ಒತ್ತುವವರು ಅಮ್ಮ.

ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅದೇ ವಾರ ಪರಿಚಯದವರೆಲ್ಲ ತಮ್ಮತಮ್ಮ ಚೀಟಿಗಳನ್ನು ಹಂಚಿಕೊಳ್ಳುತ್ತಿದ್ದರು. ಕಚೇರಿಯ ಕಿರಿಯ ಸಹೋದ್ಯೋಗಿಯೊಬ್ಬರು, ‘ಸಾರ್, ನೀವು ಏನೇನೋ ಜಾಸ್ ಗೀಸ್ ಎನ್ನುತ್ತಿದ್ದಿರಿ, ನೋಡಿದರೆ ನಮ್ಮಜ್ಜಿಯ ಪಟ್ಟಿಯೇ ನಿಮ್ಮದೂ’ ಎಂದರು. ಆ ಮಾತು ಚುಚ್ಚಿತು ಎನ್ನಲು ನಾಚಿಕೆಯಾಗುತ್ತದೆ, ಆದರೂ ಚುಚ್ಚಿತು. ನನ್ನ ಬಳಿ ಬೇರೊಂದು ಲೆಕ್ಕವಿದೆ. ವಿಮಾ ಕಂಪನಿಯವರು ಬಿಟ್ಟಿ ಕೊಟ್ಟ ಡೈರಿಯ ಕೊನೆಯ ಪುಟಗಳಲ್ಲಿ, ನಾನು ಮೊದಲಿನಿಂದ ಕೊನೆಯವರೆಗೆ ಒಂದೇ ಪಟ್ಟಿನಲ್ಲಿ ಕೇಳಿದ ಆಲ್ಬಂಗಳ ಹೆಸರು, ತಾರೀಖು ಬರೆದಿಡುತ್ತೇನೆ. ನಿಯಮ ಎರಡೇ: ಯಾವ ಹಾಡನ್ನೂ ದಾಟಿಸಬಾರದು, ಕೇಳುವಾಗ ಫೋನ್ ಕೈಯಲ್ಲಿರಬಾರದು. 2024ರಲ್ಲಿ ಅಂಥವು 58 ಆದವು. ಅವುಗಳಲ್ಲಿ ಎರಡನೆಯ ಸಲ ಕೇಳಬೇಕೆನ್ನಿಸಿದವು ಒಂಬತ್ತೋ ಹತ್ತೋ. ಬಹಳ ಹಿಡಿಸಿದ ಒಂದೆರಡನ್ನು ಎರಡು ಸಲಕ್ಕಿಂತ ಹೆಚ್ಚು ಕೇಳಿಯೇ ಇಲ್ಲ. ಆ್ಯಪ್‌ನ ಕಣ್ಣಿಗೆ ಅವು ಧೂಳಿಗೆ ಸಮ.

ಮೋಟಾರು ಹಾಳಾಗುತ್ತದೆ

ಹೀಗೆ ದಾಟಿಸದೆ ಕೇಳುವ ಚಟ ನನಗೆ ಅಂಟಿಕೊಂಡದ್ದು ಸಂಗೀತಪ್ರೇಮದಿಂದಲ್ಲ, ಅಪ್ಪನ ಜಿಪುಣತನದಿಂದ. ಎಂಬತ್ತರ ದಶಕದ ನಡುವಿನ ಮಾತು. ಹಾಲ್‌ನ ಮೂಲೆಯಲ್ಲಿ, ಅಮ್ಮ ಹೆಣೆದ ಬಿಳಿ ಹೊದಿಕೆಯ ಕೆಳಗೆ ಟೇಪ್ ರೆಕಾರ್ಡರ್ ಇತ್ತು. ಅದರ ಗುಂಡಿಗಳಲ್ಲಿ ಎರಡನ್ನು ಮಾತ್ರ ಒತ್ತಲು ನಮಗೆ ಅನುಮತಿ. ಮುಂದಕ್ಕೆ ಓಡಿಸುವ, ಹಿಂದಕ್ಕೆ ಓಡಿಸುವ ಗುಂಡಿಗಳ ಹತ್ತಿರ ಬೆರಳು ಹೋದರೆ ಒಳಗಿನಿಂದ ಅಪ್ಪನ ದನಿ ಬರುತ್ತಿತ್ತು: ‘ಮೋಟಾರು ಹಾಳಾಗುತ್ತದೆ!’ ಹಾಗಾಗಿ ಒಂದು ಕ್ಯಾಸೆಟ್ ಹಾಕಿದರೆ ಆ ಬದಿ ಮುಗಿದು ‘ಟಕ್’ ಎನ್ನುವವರೆಗೂ ಅದನ್ನೇ ಕೇಳಬೇಕು. ಇಷ್ಟವಿಲ್ಲದ ಹಾಡು ಬಂದರೆ ಎದ್ದು ಹೋಗಿ ನೀರು ಕುಡಿದು ಬರಬಹುದು, ಅಷ್ಟೇ.

ನಮ್ಮಲ್ಲಿದ್ದ ಹತ್ತು ಹನ್ನೆರಡು ಧ್ವನಿಸುರುಳಿಗಳಲ್ಲಿ ಹೆಚ್ಚು ತಿರುಗಿದ್ದು ‘ನಿತ್ಯೋತ್ಸವ’. ನಿಸಾರ್ ಅಹಮದರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ರಾಗ ಸಂಯೋಜನೆ, 1978ರದ್ದು. ಒಂದು ಭಾನುವಾರ ಜೋಗದ ಸಿರಿಯ ಹಾಡು ನಡೆಯುತ್ತಿದ್ದಾಗ ದನಿ ಇದ್ದಕ್ಕಿದ್ದಂತೆ ದಪ್ಪಗಾಯಿತು, ಎಮ್ಮೆಯಂತೆ ಒದರಿತು, ನಿಂತುಹೋಯಿತು. ಮುಚ್ಚಳ ತೆಗೆದರೆ ಕಂದು ಬಣ್ಣದ ಟೇಪು ಉರುಳೆಗೆ ಸುತ್ತಿಕೊಂಡು ಕರುಳಿನಂತೆ ಹೊರಬಂದಿದೆ. ಅಪ್ಪ ಕನ್ನಡಕ ಹಾಕಿಕೊಂಡು ನೆಲದ ಮೇಲೆ ಪೇಪರ್ ಹಾಸಿ ಕೂತರು. ಒಂದೊಂದೇ ಮಡಿಕೆ ಬಿಡಿಸಿ, ಉಗುರಿನಿಂದ ನೀವಿ, ನನ್ನ ಆರು ಮೂಲೆಯ ಪೆನ್ಸಿಲನ್ನು ಕ್ಯಾಸೆಟ್ಟಿನ ಹಲ್ಲುಗಳಿಗೆ ಸಿಕ್ಕಿಸಿ ಅರ್ಧ ಗಂಟೆ ಸುತ್ತಿದರು. ಹಾಡು ಉಳಿಯಿತು. ಆದರೆ ಒಂದು ಸಾಲಿನ ಮೇಲೆ ಟೇಪು ಸುಕ್ಕುಗಟ್ಟಿ, ಅಲ್ಲಿ ದನಿ ಎರಡು ಕ್ಷಣ ನೀರಿನಲ್ಲಿ ಮುಳುಗಿ ಎದ್ದಂತೆ ಆಗುತ್ತಿತ್ತು. ಅಪ್ಪ ಹೋಗಿ ಹದಿನಾರು ವರ್ಷವಾಯಿತು. ಇಂದು ರಾಜ್ಯೋತ್ಸವದ ಪೆಂಡಾಲಿನಲ್ಲಿ ಯಾರೇ ಅದನ್ನು ಹಾಡಿದರೂ ಆ ಸಾಲು ಬಂದಾಗ ನನ್ನ ಕಿವಿ ಮುಳುಗುವುದಕ್ಕೆ ಕಾಯುತ್ತದೆ; ಮುಳುಗದೆ ಮುಂದೆ ಹೋದಾಗ ಏನೋ ತಪ್ಪಿ ಹಾಡಿದರು ಎನ್ನಿಸುತ್ತದೆ. ಇನ್ನೂ ವಿಚಿತ್ರವೆಂದರೆ, ಆ ಹಾಡು ಮುಗಿದೊಡನೆ ಕ್ಯಾಸೆಟ್ಟಿನಲ್ಲಿ ಅದರ ಮುಂದೆ ಬರುತ್ತಿದ್ದ ಹಾಡಿನ ಶ್ರುತಿಯನ್ನು ತಲೆ ತಾನೇ ಹಿಡಿದುಬಿಡುತ್ತದೆ. ಪೆಂಡಾಲಿನಲ್ಲಿ ಆಗ ಮುಖ್ಯ ಅತಿಥಿಗಳಿಗೆ ಮೈಸೂರು ಪೇಟ ತೊಡಿಸುತ್ತಿರುತ್ತಾರೆ.

(ನ್ಯಾಯವಾಗಿ ಇದನ್ನೂ ಹೇಳಬೇಕು: ಬಿಡಿ ಹಾಡುಗಳನ್ನು ಆರಿಸಿ ಪೋಣಿಸುವುದೇನೂ ಈ ಕಾಲದ ಪಾಪವಲ್ಲ. ಖಾಲಿ ಕ್ಯಾಸೆಟ್ ಕೊಟ್ಟು, ಹಾಳೆಯ ಮೇಲೆ ಹದಿನಾಲ್ಕು ಹಾಡು ಬರೆದುಕೊಟ್ಟರೆ ತುಂಬಿಸಿಕೊಡುವ ಅಂಗಡಿಗಳು ಆಗ ಬೀದಿಗೊಂದಿದ್ದವು. ಹದಿನಾಲ್ಕನೆಯದು ಯಾವಾಗಲೂ ಪಲ್ಲವಿಗೇ ತುಂಡಾಗುತ್ತಿತ್ತು.)

ಕೆಳಗಿಟ್ಟ ಸ್ಯಾಕ್ಸೊಫೋನ್

ಡೈರಿಯಲ್ಲಿ ಏಪ್ರಿಲ್ ತಿಂಗಳಿನಲ್ಲಿ ಎರಡು ಸಲ ಅಡಿಗೆರೆ ಬಿದ್ದಿರುವುದು ಶಬಾಕಾ ಅವರ ಆಲ್ಬಂಗೆ. ಹೆಸರು ಉದ್ದ: ‘ಪರ್ಸೀವ್ ಇಟ್ಸ್ ಬ್ಯೂಟಿ, ಅಕ್ನಾಲೆಜ್ ಇಟ್ಸ್ ಗ್ರೇಸ್’. ಲಂಡನ್ನಿನ ಶಬಾಕಾ ಹಚಿಂಗ್ಸ್ ಎಂದರೆ ಸ್ಯಾಕ್ಸೊಫೋನಿನ ಬಿರುಗಾಳಿ. ಎದೆಗೆ ಗುದ್ದುವಂತೆ ಊದುತ್ತಿದ್ದ ಮನುಷ್ಯ. ಅಂಥವರು 2023ರ ಕೊನೆಗೆ ಸ್ಯಾಕ್ಸೊಫೋನನ್ನು ಕೆಳಗಿಟ್ಟು ಕೊಳಲುಗಳನ್ನು ಕೈಗೆತ್ತಿಕೊಂಡರು. ಅವುಗಳಲ್ಲಿ ಜಪಾನಿನ ಶಾಕುಹಾಚಿ ಎಂಬ ಬಿದಿರಿನ ಕೊಳಲೂ ಒಂದು. ನಲವತ್ತರ ಹೊಸ್ತಿಲಿನಲ್ಲಿ, ಹೆಸರು ತಂದುಕೊಟ್ಟ ವಾದ್ಯವನ್ನು ಬಿಟ್ಟು ವಿದ್ಯಾರ್ಥಿಯಾಗುವುದು ಸಣ್ಣ ಮಾತಲ್ಲ. ಧ್ವನಿಮುದ್ರಣ ನಡೆದದ್ದು ನ್ಯೂಜೆರ್ಸಿಯ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ. ಜಾಸ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ 1964ರಲ್ಲಿ ‘ಎ ಲವ್ ಸುಪ್ರೀಮ್’ ನುಡಿಸಿದ ಅದೇ ಕೋಣೆ. ನುಡಿಸುವವರ ಕಿವಿಗೆ ಹೆಡ್‌ಫೋನ್ ಇಲ್ಲ, ನಡುವೆ ಗಾಜಿನ ಗೋಡೆಯೂ ಇಲ್ಲ. ಎಲ್ಲರೂ ಒಂದೇ ಕಡೆ ಕೂತು ಒಬ್ಬರನ್ನೊಬ್ಬರು ಕೇಳಿಕೊಂಡು ನುಡಿಸಿದ್ದಾರೆ. ಅದು ಗೊತ್ತಾಗುತ್ತದೆ. ಹಾರ್ಪ್ ತಂತಿ ಮೀಟಿದ ಮೇಲೆ ಯಾರೋ ಉಸಿರು ಬಿಡುವುದು, ಆ ಉಸಿರೇ ಕೊಳಲಿನ ಸ್ವರವಾಗುವುದು. ಮೊದಲ ಸಲ ಕೇಳಿದಾಗ, ಸುಳ್ಳು ಹೇಳಬಾರದು, ಮೂರನೆಯ ಹಾಡಿಗೆ ತೂಕಡಿಸಿದೆ. ಎರಡನೆಯ ಸಲ ಕೊನೆಯವರೆಗೂ ಎಚ್ಚರವಿದ್ದೆ. ಕೊನೆಯ ಹಾಡಿನಲ್ಲಿ ಅವರ ತಂದೆಯೇ ಬಂದು ಕವಿತೆ ಓದುತ್ತಾರೆ. ಅಲ್ಲಿಯವರೆಗಿನ ಮೌನವೆಲ್ಲ ಆ ಮುದಿ ದನಿಗೆ ಜಾಗ ಮಾಡಿಕೊಡಲೆಂದೇ ಇತ್ತೇನೋ ಅನ್ನಿಸಿತು.

ಮೈಸೂರಿನವನಾಗಿ ಇದನ್ನು ಕೇಳುವಾಗ ಇನ್ನೊಂದು ಕಥೆ ನೆನಪಾಗದೆ ಇರದು. ಬಂಟ್ವಾಳದ ಸಜೀಪದ ಕಡೆಯ ಹುಡುಗನೊಬ್ಬ, ನಾದಸ್ವರ ವಿದ್ವಾಂಸರ ಮಗ, ಇಲ್ಲಿಯ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಬೆರಗಾಗಿ, ಅಪ್ಪನ ನಾದಸ್ವರ ಬಿಟ್ಟು ಅದರ ಬೆನ್ನು ಹತ್ತಿದ. ಗಮಕಕ್ಕೆ ಬಗ್ಗದ ಲೋಹದ ವಾದ್ಯವನ್ನು ಬಗ್ಗಿಸಲು ಕದ್ರಿ ಗೋಪಾಲನಾಥರಿಗೆ ಇಪ್ಪತ್ತು ವರ್ಷ ಬೇಕಾಯಿತು ಎನ್ನುತ್ತಾರೆ. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಪ್ರೊಮೆನೇಡ್ ಕಛೇರಿಯಲ್ಲಿ ನುಡಿಸಿದರು. ಇಲ್ಲಿಂದ ಒಬ್ಬರು ಸ್ಯಾಕ್ಸೊಫೋನನ್ನು ಎತ್ತಿಕೊಂಡು ಲಂಡನ್ನಿಗೆ ಹೋದರು, ಅಲ್ಲಿಯ ಒಬ್ಬರು ಅದನ್ನು ಇಳಿಸಿ ಬಿದಿರು ಹಿಡಿದರು. ಆ ವಾರ ಡೈರಿಯಲ್ಲಿ ಶಬಾಕಾ ಆದ ಮೇಲಿನ ಸಾಲು ‘ಕಿನ್ಸ್‌ಮೆನ್’. ಕದ್ರಿಯವರು ಅಮೆರಿಕದ ರುದ್ರೇಶ್ ಮಹಂತಪ್ಪ ಅವರೊಂದಿಗೆ ಮಾಡಿದ 2008ರ ಆಲ್ಬಂ. ಎರಡು ಸ್ಯಾಕ್ಸೊಫೋನು, ನಡುವೆ ಕನ್ಯಾಕುಮಾರಿಯವರ ಪಿಟೀಲು. ಈ ವರ್ಷದ್ದಲ್ಲ, ಹಾಗಾಗಿ ವರ್ಷದ ಆಲ್ಬಂಗಳ ಪಟ್ಟಿಯಲ್ಲಿ ಅದಕ್ಕೆ ಅಂಕ ಇಲ್ಲ. ಅಂಕಕ್ಕಾಗಿ ಕೇಳಿದ್ದೂ ಅಲ್ಲ.

ಈ ವರ್ಷದ್ದು ಎನ್ನುವ ಮಾತೇ ಸ್ವಲ್ಪ ಮೋಸದ್ದು. 2024ರ ಮಾರ್ಚಿನಲ್ಲಿ ಹೊರಬಂದ ಆಲಿಸ್ ಕೋಲ್ಟ್ರೇನ್ ಅವರ ಕಾರ್ನೆಗಿ ಹಾಲ್ ಕಛೇರಿಯ ಧ್ವನಿಮುದ್ರಣ 1971ರ ಫೆಬ್ರುವರಿಯದು. ಸ್ವಾಮಿ ಸಚ್ಚಿದಾನಂದರ ಯೋಗ ಸಂಸ್ಥೆಯ ಸಹಾಯಾರ್ಥ ನಡೆದ ಕಾರ್ಯಕ್ರಮ. ಎರಡು ಸ್ಯಾಕ್ಸೊಫೋನು, ಎರಡು ಬಾಸ್, ಎರಡು ಡ್ರಮ್, ಜೊತೆಗೆ ಹಾರ್ಮೋನಿಯಂ, ತಂಬೂರಿ. ನಾಲ್ಕೇ ರಚನೆ. ಮೊದಲೆರಡರಲ್ಲಿ ಆಕೆ ಹಾರ್ಪ್ ಮುಂದೆ ಕೂತು ಇರುಳಿನ ಮಂಜಿನಂತೆ ಹರಡಿಕೊಳ್ಳುತ್ತಾರೆ. ಮೂರನೆಯದು ಗಂಡ ಜಾನ್ ಅವರ ‘ಆಫ್ರಿಕಾ’, ಅರ್ಧ ಗಂಟೆಯ ಹತ್ತಿರ. ಅದು ಬಂದಾಗ ನಾನು ಹಾಲ್‌ನಲ್ಲಿ ದನಿ ಜೋರಾಗಿಟ್ಟು ಕೂತಿದ್ದೆ. ಅಮ್ಮ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿ, ‘ತಂಬೂರಿ ಚೆನ್ನಾಗಿಯೇ ಶ್ರುತಿ ಇತ್ತಲ್ಲ, ಮಿಕ್ಕವರು ಯಾಕೆ ಜಗಳ ತೆಗೆದರು?’ ಎಂದರು.

ರಾತ್ರಿರಾಣಿ

ಮೇ ಕೊನೆಗೆ ಬಂದ ಅರೂಜ್ ಅಫ್ತಾಬ್ ಅವರ ‘ನೈಟ್ ರೇನ್’ (ಇರುಳಿನ ಆಳ್ವಿಕೆ ಎಂದರ್ಥ, ಮಳೆಯಲ್ಲ) ಬಗ್ಗೆ ಬಹಳ ಬರೆಯಬೇಕೆಂದಿದ್ದೆ, ಈಗ ಕೂತರೆ ಕೈ ಓಡುತ್ತಿಲ್ಲ. ರಾತ್ರಿಯೇ ಕೇಳಬೇಕು, ದೀಪ ಆರಿಸಬೇಕು, ಅಷ್ಟು ಹೇಳಬಲ್ಲೆ. ಲಾಹೋರಿನಲ್ಲಿ ಬೆಳೆದು ನ್ಯೂಯಾರ್ಕಿನಲ್ಲಿ ನೆಲೆಸಿದ ಗಾಯಕಿ. ದನಿ ಎಲ್ಲಿಯೂ ಏರುವುದಿಲ್ಲ, ಏರಬಹುದಾದ ಕಡೆಯಲ್ಲಿ ಬೇಕೆಂದೇ ಹಿಂದೆ ಸರಿಯುತ್ತದೆ. ‘ರಾತ್ ಕೀ ರಾಣಿ’ ಎಂಬ ಹಾಡಿದೆ. ನಮ್ಮ ಕಾಂಪೌಂಡಿನಲ್ಲೂ ಒಂದು ರಾತ್ರಿರಾಣಿ ಗಿಡವಿದೆ. ಹಾವು ಬರುತ್ತದೆಂದು ಅಕ್ಕಪಕ್ಕದವರು ಕಡಿಯಲು ಹೇಳುತ್ತಲೇ ಇದ್ದಾರೆ, ನಾವು ಕಡಿದಿಲ್ಲ. ಜೂನ್ ಮೊದಲ ವಾರದ ಮಳೆಯ ಮೇಲೆ ಕಿಟಕಿ ತೆಗೆದು ಈ ಹಾಡು ಕೇಳಿದವನಿಗೆ ವಿಮರ್ಶೆ ಬರೆಯುವ ಯೋಗ್ಯತೆ ಉಳಿಯುವುದಿಲ್ಲ.

ಆದರೆ ಇದರಲ್ಲಿ ಎರಡು ಹಾಡುಗಳ ಸಾಹಿತ್ಯ ಮಹ್ ಲಖಾ ಬಾಯಿ ಚಂದಾ ಅವರದು ಎಂದು ತಿಳಿದಾಗ ಎದ್ದು ಕೂತೆ. ಹದಿನೆಂಟನೆಯ ಶತಮಾನದ ಹೈದರಾಬಾದಿನ ಗಣಿಕೆ, ನಿಜಾಮರ ಆಸ್ಥಾನದ ಕವಯಿತ್ರಿ, ಉರ್ದುವಿನಲ್ಲಿ ಸ್ವಂತ ಗಜಲುಗಳ ಸಂಗ್ರಹ ಬಿಟ್ಟುಹೋದ ಮೊದಮೊದಲ ಹೆಣ್ಣುಮಕ್ಕಳಲ್ಲಿ ಒಬ್ಬಳು. ಮೌಲಾ ಅಲಿ ಗುಡ್ಡದ ಬುಡದಲ್ಲಿ ಅವಳ ಸಮಾಧಿ ಇದೆ. ಅವಳು 1824ರಲ್ಲಿ ತೀರಿಕೊಂಡಳು. ಸರಿಯಾಗಿ ಇನ್ನೂರು ವರ್ಷಕ್ಕೆ ಬ್ರೂಕ್ಲಿನ್ನಿನ ಗಾಯಕಿಯೊಬ್ಬಳ ಬಾಯಲ್ಲಿ ಅವಳ ಸಾಲು. ಮನಸ್ಸು ತಾನಾಗಿ ಗಾಯಕಿ ಗೌಹರ್ ಜಾನ್ ಕಡೆ ಹೊರಳಿತು. 1902ರಲ್ಲಿ ಕಲ್ಕತ್ತೆಯಲ್ಲಿ, ಮೂರು ನಿಮಿಷದ ಗ್ರಾಮಫೋನ್ ತಟ್ಟೆಯ ಮೇಲೆ ಹಾಡಿ, ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಕೂಗಿ ಹೇಳಿದವಳು. ಎರಡು ಗಂಟೆಯ ಖಯಾಲನ್ನು ಮೂರು ನಿಮಿಷಕ್ಕೆ ಮಡಿಸುವುದು ಹೇಗೆಂದು ಈ ದೇಶಕ್ಕೆ ಮೊದಲು ತೋರಿಸಿದವರಲ್ಲಿ ಅವಳೂ ಒಬ್ಬಳು. ಕೊನೆಗಾಲದಲ್ಲಿ, 1928ರಲ್ಲಿ, ನಾಲ್ವಡಿಯವರ ಆಸ್ಥಾನಕ್ಕೆ ಬಂದಳು. 1930ರ ಜನವರಿಯಲ್ಲಿ ಇದೇ ಊರಿನಲ್ಲಿ ಸತ್ತಳು. ನಾನು ದಿನಾ ಸ್ಕೂಟರಿನಲ್ಲಿ ಓಡಾಡುವ ಊರು. ಅವಳ ಹೆಸರಿನ ಒಂದು ರಸ್ತೆಯಾದರೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಇಪ್ಪತ್ತೇಳು ಬಗೆಯ ಊಟ

ಅಮೆರಿಕದ ಗಾಯಕಿ ಬಿಯಾನ್ಸೆಯ ‘ಕೌಬಾಯ್ ಕಾರ್ಟರ್’ ಬಗ್ಗೆ ನನಗೆ ಇನ್ನೂ ತೀರ್ಮಾನಕ್ಕೆ ಬರಲಾಗಿಲ್ಲ. ಇಪ್ಪತ್ತೇಳು ಹಾಡು, ಹತ್ತಿರಹತ್ತಿರ ಎಂಬತ್ತು ನಿಮಿಷ. ಮದುವೆಮನೆಯ ಎರಡನೆಯ ಪಂಕ್ತಿಯಲ್ಲಿ ಕೂತಂತೆ: ಕೋಸಂಬರಿ, ಪಲ್ಯ, ಚಿತ್ರಾನ್ನದವರೆಗೆ ಉತ್ಸಾಹ, ಹೋಳಿಗೆಗೆ ಸಂತೋಷ, ಅದಾದ ಮೇಲೂ ಬಡಿಸುತ್ತಲೇ ಇದ್ದಾರೆ. ಆದರೆ ಅದರ ಹಿಂದಿನ ಜಗಳ ನನಗೆ ಇಷ್ಟ. ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತ ಬಿಳಿಯರದ್ದು, ನೀನು ಇಲ್ಲಿಗೇಕೆ ಬಂದೆ ಎಂದವರಿಗೆ ಬಾಯಲ್ಲಿ ಉತ್ತರ ಕೊಡದೆ, ಬ್ಯಾಂಜೊ ನುಡಿಸಲು ರಯಾನನ್ ಗಿಡ್ಡನ್ಸ್ ಅವರನ್ನು ಕರೆತಂದಳು. ಬ್ಯಾಂಜೊ ಆಫ್ರಿಕಾದಿಂದ ಗುಲಾಮರ ನೆನಪಿನಲ್ಲಿ ಬಂದ ವಾದ್ಯ ಎಂದು ವರ್ಷಗಳಿಂದ ಹೇಳುತ್ತಾ ಬಂದವರು ಆಕೆ. 1969ರ ಸುಮಾರಿಗೆ ಕಂಟ್ರಿ ಹಾಡಿ, ಆಮೇಲೆ ಬಾಗಿಲು ಮುಚ್ಚಿಸಿಕೊಂಡ ಕಪ್ಪು ಜನಾಂಗದ ಗಾಯಕಿ ಲಿಂಡಾ ಮಾರ್ಟೆಲ್ ಅವರನ್ನೂ ಎಂಬತ್ತು ದಾಟಿದ ಮೇಲೆ ಕರೆದು ಮಾತಾಡಿಸಿದಳು. ಪಂಕ್ತಿಭೇದವನ್ನು ಪ್ರಶ್ನಿಸುವವರು ಊಟ ಸ್ವಲ್ಪ ಹೆಚ್ಚೇ ಬಡಿಸುತ್ತಾರೆ. ಮೊದಲ ಅರ್ಧವನ್ನು ಮತ್ತೆ ಕೇಳುತ್ತೇನೆ, ಎರಡನೆಯದರ ಬಗ್ಗೆ ಮಾತು ಕೊಡಲಾರೆ.

ಇದಕ್ಕೆ ಪೂರ್ತಿ ವಿರುದ್ಧವಾದದ್ದು ನೈಜರ್ ದೇಶದ ಮ್ದೂ ಮೊಕ್ತಾರ್ ತಂಡದ ‘ಫ್ಯೂನರಲ್ ಫಾರ್ ಜಸ್ಟಿಸ್’. ಸೈಕಲ್ಲಿನ ಬ್ರೇಕ್ ತಂತಿಯನ್ನು ಬಿಗಿದು ಮೊದಲ ಗಿಟಾರನ್ನು ತಾನೇ ಮಾಡಿಕೊಂಡ ಎಡಗೈ ವಾದಕ ಈತ. ಸಹಾರಾದ ಟುವಾರೆಗ್ ಜನ. ಹಾಡಿನ ಭಾಷೆ ತಮಾಶೆಕ್. ತಂಡ ಅಮೆರಿಕದ ಪ್ರವಾಸದಲ್ಲಿದ್ದಾಗ, 2023ರ ಜುಲೈನಲ್ಲಿ, ಊರಿನಲ್ಲಿ ಸೇನೆ ಅಧಿಕಾರ ಹಿಡಿದು ಇವರು ವಾಪಸು ಹೋಗಲಾಗದೆ ಅಲ್ಲೇ ಸಿಕ್ಕಿಕೊಂಡರು. ಆಲ್ಬಂ ಅದಕ್ಕೂ ಮೊದಲೇ ಮುದ್ರಣವಾದದ್ದು, ಆದರೂ ಆ ಸುದ್ದಿಯ ವಾಸನೆ ಹಿಡಿದಂತೆ ಹಲ್ಲು ಕಡಿಯುತ್ತದೆ. ನಮ್ಮ ಭಾಷೆ ನಮ್ಮ ಬಾಯಿಂದಲೇ ಜಾರಿಹೋಗುತ್ತಿದೆ, ಹಿಡಿದುಕೊಳ್ಳಿ ಎನ್ನುವ ಹಾಡೊಂದು ಇದೆ. ಅರ್ಥ ತಿಳಿಯುವ ಮೊದಲು ನಾಲ್ಕು ಸಲ ಕೇಳಿದ್ದೆ, ತಿಳಿದ ಮೇಲೆ ಒಂದೇ ಸಲ.

ಅಕ್ಕನ ಮಗಳ ಪಾಠ

ಬೆಂಗಳೂರಿನಲ್ಲಿ ಪಿ.ಜಿ.ಯಲ್ಲಿದ್ದು ಕೆಲಸ ಮಾಡುವ ಅಕ್ಕನ ಮಗಳು ಗಣಪತಿ ಹಬ್ಬಕ್ಕೆ ಬಂದಿದ್ದಳು. ನಿಮ್ಮ ಕಾಲದವರಿಗೆ ಹದಿನೈದು ಸೆಕೆಂಡಿನ ರೀಲೇ ಸಂಗೀತ ಎಂದು ನಾನು ಭಾಷಣ ಬಿಗಿಯುತ್ತಿದ್ದೆ. ಅವಳು ಕಡುಬಿನ ಹಿಟ್ಟು ನಾದುತ್ತಲೇ ಕೇಳಿದಳು:

‘ಮಾವ, ಬಿಲಿ ಐಲಿಶ್ ಹೊಸ ಆಲ್ಬಂ ಕೇಳಿದಿರಾ?’

‘ಒಂದೆರಡು ಹಾಡು ಕೇಳಿದೆ.’

‘ಒಂದೆರಡು ಹಾಡು ಕೇಳಿದವರು ಡೈರಿ ಯಾಕೆ ಇಟ್ಟಿದ್ದೀರಿ?’

ಅಮ್ಮ ಒಲೆಯ ಮುಂದೆ ಮುಸಿಮುಸಿ ನಕ್ಕರು. ಆಮೇಲೆ ಅವಳೇ ವಿವರಿಸಿದಳು. ಮೇ ತಿಂಗಳಿನಲ್ಲಿ ಅಮೆರಿಕದ ಆ ಪಾಪ್ ಗಾಯಕಿಯ ‘ಹಿಟ್ ಮಿ ಹಾರ್ಡ್ ಆ್ಯಂಡ್ ಸಾಫ್ಟ್’ ಬರುವ ಮುಂಚೆ ಅದರಿಂದ ಒಂದೂ ಹಾಡನ್ನು ಬಿಡಿಯಾಗಿ ಬಿಡುಗಡೆ ಮಾಡಲಿಲ್ಲ, ಹತ್ತೂ ಹಾಡು ಒಟ್ಟಿಗೇ ಬಂದವು, ಅವಳೂ ಪಿ.ಜಿ.ಯ ಮೂವರು ಗೆಳತಿಯರೂ ಅಂದು ಟೆರೇಸಿನ ಮೇಲೆ ಚಾಪೆ ಹಾಸಿಕೊಂಡು ಮೊದಲಿನಿಂದ ಕೊನೆಯವರೆಗೆ ಕೇಳಿದರು, ಕೊನೆಯ ಹಾಡಿನ ಕೊನೆಗೆ ಒಬ್ಬಳು ಅತ್ತಳು. ಅಂದು ರಾತ್ರಿ ನಾನೂ ಕೇಳಿದೆ. ಹಾಡುಗಳು ನಡುದಾರಿಯಲ್ಲಿ ವೇಷ ಬದಲಿಸುತ್ತವೆ, ಪಿಸುಮಾತಿನಲ್ಲಿ ಶುರುವಾದದ್ದು ಕಿರುಚಾಟಕ್ಕೆ ಮುಟ್ಟುತ್ತದೆ. ಬಿಡಿಯಾಗಿ ಕೇಳಿದಾಗ ಇದು ನನಗೆ ಹೊಳೆದಿರಲೇ ಇಲ್ಲ. ಎಲ್ಲವೂ ಹಿಡಿಸಲಿಲ್ಲ, ಆದರೆ ಟೆರೇಸಿನ ಚಾಪೆಯ ಬಗ್ಗೆ ಹೊಟ್ಟೆಕಿಚ್ಚಾಯಿತು.

ಕನ್ನಡದಲ್ಲಿ ಏನು ಎಂದು ನೀವು ಕೇಳುವಿರಿ. ಆಗಸ್ಟಿನಿಂದ ಆಚೆ ಎಲ್ಲಿ ಹೋದರೂ ‘ಕೃಷ್ಣಂ ಪ್ರಣಯ ಸಖಿ’ ಚಿತ್ರದ ‘ದ್ವಾಪರ’. ಆಟೋದಲ್ಲಿ, ಮದುವೆ ಛತ್ರದಲ್ಲಿ, ಪಕ್ಕದ ಮನೆಯ ಮಗುವಿನ ಬಾಯಲ್ಲಿ. ಕೆಟ್ಟ ಹಾಡೇನಲ್ಲ, ಆದರೆ ಆ ಚಿತ್ರದ ಮಿಕ್ಕ ಹಾಡು ಯಾವುವು ಎಂದು ಕೇಳಿದರೆ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಚಿತ್ರದ ಹಾಡುಗಳನ್ನು ಈಗ ತಿಂಗಳಿಗೊಂದರಂತೆ, ಸಾಹಿತ್ಯದ ಅಕ್ಷರ ತೇಲಿಸುವ ವಿಡಿಯೋ ಮಾಡಿ ಹನಿಸುತ್ತಾರೆ. ಕ್ಯಾಸೆಟ್ ಹೋಯಿತು, ಆಮೇಲೆ ಸಿ.ಡಿ. ಹೋಯಿತು. ಈಗ ಒಂದು ಚಿತ್ರದ ಹಾಡುಗಳು ಅಣ್ಣತಮ್ಮಂದಿರು ಎಂಬ ನೆನಪೂ ಹೋಗುತ್ತಿದೆ. ಗಗನ್ ಬಡೇರಿಯಾ ಸಂಗೀತದ ‘ಇಬ್ಬನಿ ತಬ್ಬಿದ ಇಳೆಯಲಿ’ ಮಾತ್ರ ಇದಕ್ಕೆ ಹೊರತಾಗಿ ಸಿಕ್ಕಿತು. ಅದರ ಹಾಡುಗಳಿಗೆ ಒಂದೇ ಮನೆಯ ಗಾಳಿ ಇದೆ. ಸೆಪ್ಟೆಂಬರಿನ ಡೈರಿಯಲ್ಲಿ ಅದಕ್ಕೊಂದು ಅಡಿಗೆರೆ.

ನಾಗನಹಳ್ಳಿಯಿಂದ ಶ್ರೀರಂಗಪಟ್ಟಣಕ್ಕೆ

ನವೆಂಬರಿನಲ್ಲಿ ಕಚೇರಿಯ ಕೆಲಸಕ್ಕೆಂದು ಬೆಂಗಳೂರಿಗೆ ಬೆಳಗಿನ ರೈಲು ಹಿಡಿದಿದ್ದೆ. ಕಿಟಕಿಯ ಪಕ್ಕದ ಸೀಟು, ಹೊರಗೆ ಕಬ್ಬಿನ ಗದ್ದೆಯ ಮೇಲೆ ಮಂಜು. ಇಂಗ್ಲೆಂಡಿನ ರಾಕ್ ತಂಡ ‘ದಿ ಕ್ಯೂರ್’ನ ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’ ಬಂದು ಒಂದೆರಡು ವಾರವಾಗಿತ್ತು. ಹದಿನಾರು ವರ್ಷಗಳ ನಂತರದ ಆಲ್ಬಂ, ಎಂಟೇ ಹಾಡು. ರೈಲು ನಾಗನಹಳ್ಳಿ ಬಿಡುವಾಗ ಒತ್ತಿದೆ. ಡ್ರಮ್ ಬಂತು, ಗಿಟಾರ್ ಬಂತು, ಹಬೆಯಂತೆ ಕೀಬೋರ್ಡ್ ಹಬ್ಬಿತು. ಹಾಡುಗಾರ ಬರಲಿಲ್ಲ. ಒಂದು ನಿಮಿಷ, ಎರಡು ನಿಮಿಷ. ಎದುರಿಗೆ ಕೂತಿದ್ದ ಹೆಂಗಸು ಡಬ್ಬಿ ತೆಗೆದು ಮಗುವಿಗೆ ಇಡ್ಲಿ ತಿನ್ನಿಸಿ ಮುಗಿಸಿದರು. ಫೋನ್ ಕೆಟ್ಟಿತೇ, ಹಾಡಿಲ್ಲದ ಪ್ರತಿಯೇನಾದರೂ ಬಂತೇ ಎಂದು ತೆಗೆದು ನೋಡಬೇಕೆನ್ನಿಸಿತು. ನಿಯಮ ನೆನಪಾಗಿ ಸುಮ್ಮನಾದೆ. ಮೂರು ನಿಮಿಷವೂ ದಾಟಿದ ಮೇಲೆ, ರೈಲು ಕಾವೇರಿ ಸೇತುವೆಯ ಮೇಲೆ ಗಡಗಡ ಎನ್ನುವ ಹೊತ್ತಿಗೆ, ರಾಬರ್ಟ್ ಸ್ಮಿತ್ ಬಾಯಿ ತೆರೆದರು. ನಾವು ಹಾಡುವ ಪ್ರತಿಯೊಂದು ಹಾಡಿಗೂ ಇದೇ ಕೊನೆ ಎಂಬಂಥ ಮಾತಿನಿಂದಲೇ ಶುರು. ಅರವತ್ತೈದರ ದನಿ, ಆದರೆ ಕಾಲೇಜಿನ ದಿನಗಳಲ್ಲಿ ಹಾಸ್ಟೆಲಿನ ಗೆಳೆಯನ ವಾಕ್‌ಮನ್ನಿನಲ್ಲಿ ಕೇಳಿದ್ದ ಅದೇ ಅಳುಬುರುಕ ಹುಡುಗನ ದನಿ. ಕೆಳಗೆ ನದಿ ತುಂಬಿ ಹರಿಯುತ್ತಿತ್ತು.

ಖಯಾಲು ಕೇಳುವವರಿಗೆ ಮೂರು ನಿಮಿಷ ಕಾಯುವುದು ದೊಡ್ಡದಲ್ಲ, ಭಾವಗೀತೆಗೂ ಹಿಂದೆ ಆಲಾಪವಿರುತ್ತಿತ್ತು. ಆದರೆ ಮೊದಲ ಐದು ಸೆಕೆಂಡಿನಲ್ಲಿ ಕೇಳುಗನ ಕತ್ತಿನ ಪಟ್ಟಿ ಹಿಡಿಯದಿದ್ದರೆ ಅವನು ಓಡಿಹೋಗುತ್ತಾನೆ ಎಂದು ಎಲ್ಲರೂ ಹೆದರುತ್ತಿರುವ ಕಾಲದಲ್ಲಿ ಈ ಮುದುಕ ಬಾಗಿಲು ತೆರೆದಿಟ್ಟು ಒಳಗೆ ಕೂತಿದ್ದಾರೆ, ಬರುವವರು ಬರಲಿ ಎಂದು. ಅಣ್ಣನ ಸಾವಿನ ಬಗ್ಗೆ ಅವರು ಬರೆದ ಹಾಡು ಬಂದಾಗ ಮಂಡ್ಯ ಹತ್ತಿರವಾಗಿತ್ತು. ಕೊನೆಯ ಹಾಡು ಹತ್ತು ನಿಮಿಷದ್ದು. ಅದರಲ್ಲಂತೂ ಮಾತು ಬರುವ ಮೊದಲು ಅರ್ಧಕ್ಕಿಂತ ಹೆಚ್ಚು ದಾರಿ ಸವೆಯುತ್ತದೆ. ಮುಗಿದ ಮೇಲೆ ಮದ್ದೂರು ವಡೆಯವನು ಬಂದರೂ ಕೂಗಲಿಲ್ಲ. ವರ್ಷದ ಆಲ್ಬಂ ಯಾವುದು ಎಂದು ಯಾರಾದರೂ ಕೊರಳು ಹಿಡಿದು ಕೇಳಿದರೆ ಇದನ್ನೇ ಹೇಳುತ್ತೇನೆ. ಎಷ್ಟು ಸಲ ಕೇಳಿದ್ದೇನೆ? ಎರಡು ಸಲ. ಎರಡನೆಯದೂ ರೈಲಿನಲ್ಲೇ, ವಾಪಸು ಬರುವಾಗ.

ಗುಂಗುರು ಕೂದಲಿನ ಹುಡುಗ

ಡಿಸೆಂಬರ್ 15, ಭಾನುವಾರ ರಾತ್ರಿ. ತಬಲಾದ ಜಾಕಿರ್ ಹುಸೇನ್ ಇನ್ನಿಲ್ಲ ಎಂದು ಫೋನಿನಲ್ಲಿ ಸುದ್ದಿ. ಅರ್ಧ ಗಂಟೆಗೆ, ಇಲ್ಲ, ಇನ್ನೂ ಇದ್ದಾರೆ, ಪ್ರಾರ್ಥಿಸಿ ಎಂದು ಇನ್ನೊಂದು. ಹೂಮಾಲೆಯ ಚಿತ್ರ ಹಾಕಿದವರು ಅಳಿಸಿದರು. ಸೋಮವಾರ ಬೆಳಿಗ್ಗೆ ಮನೆಯವರೇ ತಿಳಿಸಿದರು: ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, 73ರ ವಯಸ್ಸಿನಲ್ಲಿ. ಅದೇ ವರ್ಷದ ಫೆಬ್ರುವರಿಯಲ್ಲಿ ಒಂದೇ ಸಂಜೆ ಮೂರು ಗ್ರ್ಯಾಮಿ ಪಡೆದಿದ್ದರು. ಅವುಗಳಲ್ಲಿ ಒಂದು ಅವರಿದ್ದ ‘ಶಕ್ತಿ’ ತಂಡದ ‘ದಿಸ್ ಮೊಮೆಂಟ್’ಗೆ. 2023ರ ಆಲ್ಬಂ, ಹಾಗಾಗಿ ಇದೂ ಪಟ್ಟಿಗೆ ಹೊರಗಿನದು. ಆ ದಿನ ಕಚೇರಿಗೆ ರಜೆ ಹಾಕಲಿಲ್ಲ, ಅಷ್ಟು ನಾಟಕ ನನಗೆ ಬರುವುದಿಲ್ಲ. ಸಂಜೆ ಬಂದು ಅಡುಗೆಮನೆಯ ಆ ಪುಟ್ಟ ಸ್ಪೀಕರಿನಲ್ಲಿ ಹಾಕಿದೆ. ಹಾಲ್‌ನ ದೊಡ್ಡದು ಬಿಟ್ಟು ಅಲ್ಲೇಕೆ ಹಾಕಿದೆನೋ. ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು, ಅವರ ಪಕ್ಕ ಕೂರಬೇಕೆನ್ನಿಸಿರಬೇಕು.

‘ಯಾರಪ್ಪಾ ಹೋದದ್ದು?’ ಎಂದರು. ಹೆಸರು ಹೇಳಿದೆ.

‘ಆ ಟೀ ಪುಡಿ ಜಾಹೀರಾತಿನ ಗುಂಗುರು ಕೂದಲಿನ ಹುಡುಗನೇ?’

‘ಹೂಂ, ಅವರೇ.’

‘ಅಯ್ಯೋ, ಚಿಕ್ಕವನಲ್ಲವೇ?’

ಎಂಬತ್ತೊಂದರ ಅಮ್ಮನಿಗೆ ಎಪ್ಪತ್ಮೂರು ಚಿಕ್ಕದೇ. ಮ್ಯಾಂಡೊಲಿನ್ ಶ್ರೀನಿವಾಸರ ನೆನಪಿನ ಮೊದಲ ಹಾಡು ಆಯಿತು, ಇನ್ನೆರಡು ಆದವು. ನಾಲ್ಕನೆಯದಕ್ಕೆ ಅಮ್ಮನ ಕೈ ನಿಂತಿತು. ‘ಇದು ಮೋಹನ ಅಲ್ಲವೇ?’ ಹೌದು, ಹಾಡಿನ ಹೆಸರೇ ‘ಮೋಹನಂ’. ಅವರು ಮದುವೆಗೆ ಮುಂಚೆ ಎರಡು ವರ್ಷ ಸಂಗೀತ ಕಲಿತಿದ್ದರು. ಅವರೆಕಾಳಿನ ಬಟ್ಟಲಿನ ಅಂಚನ್ನು ಬೆರಳಿನಿಂದ ತಟ್ಟುತ್ತಾ ‘ವರವೀಣಾ ಮೃದುಪಾಣಿ’ ಗುನುಗತೊಡಗಿದರು. ಸ್ಪೀಕರಿನಲ್ಲಿ ನಡೆಯುತ್ತಿದ್ದುದಕ್ಕೂ ಅದಕ್ಕೂ ತಾಳ ಹೊಂದಲಿಲ್ಲ. ಅಮ್ಮ ಅದನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ.

ಮಾರನೆಯ ಬೆಳಿಗ್ಗೆ ಎಚ್ಚರವಾದಾಗ ಐದೂವರೆ. ಬಹಳ ವರ್ಷಗಳ ನಂತರ ಎದ್ದು ಹೋಗಿ ಬಾಗಿಲಲ್ಲಿ ನಿಂತು ನೋಡಿದೆ. ‘ಕೌಸಲ್ಯಾ ಸುಪ್ರಜಾ ರಾಮ’ ಎನ್ನುವಾಗ ಅಮ್ಮ ಗ್ಯಾಸ್ ಒಲೆ ಒರೆಸುತ್ತಿದ್ದರು. ಸ್ತೋತ್ರ ಶುರುವಾಗುವಾಗ ದೇವರ ಮುಂದೆ ದೀಪ ಹಚ್ಚಿದರು. ಪ್ರಪತ್ತಿಗೆ ಫಿಲ್ಟರಿಗೆ ಬಿಸಿನೀರು ಸುರಿದು ಮುಚ್ಚಳ ಹಾಕಿದರು. ಮಂಗಳಕ್ಕೆ ಹಾಲು ಉಕ್ಕಿ ಬಂತು, ನೋಡದೆಯೇ ಕೈ ಹೋಗಿ ಉರಿ ತಗ್ಗಿಸಿತು. 1963ರ ಎಲ್.ಪಿ., ನಾಲ್ಕು ಭಾಗ, ಒಂದೂ ದಾಟಿಸಿಲ್ಲ. ಎಂದಾದರೂ ಅರ್ಧಕ್ಕೆ ನಿಲ್ಲಿಸಿದ್ದುಂಟೇ ಎಂದು ಕೇಳಿದೆ.

‘ದೇವರನ್ನು ಎಬ್ಬಿಸಿ ಮಂಗಳ ಹಾಡದೆ ಬಿಡುತ್ತಾರೇನೋ?’ ಎಂದರು. ಆಮೇಲೆ ಲೋಟಕ್ಕೆ ಕಾಫಿ ಬಗ್ಗಿಸುತ್ತಾ, ‘ನಿನ್ನೆಯ ಮೋಹನ ಚೆನ್ನಾಗಿತ್ತು. ಇದು ಮುಗಿದ ಮೇಲೆ ಅದನ್ನು ಹಾಕು. ಬರೀ ಅದೊಂದೇ ಬೇಡ, ಮೊದಲಿಂದ ಹಾಕು’ ಎಂದರು.

ಅಂದಿನಿಂದ ದಿನಾ ಬೆಳಿಗ್ಗೆ ಸುಪ್ರಭಾತ ಆದ ಮೇಲೆ ನಮ್ಮ ಮನೆಯಲ್ಲಿ ಶಕ್ತಿ. ಹೊಸ ಡೈರಿಯಲ್ಲಿ ಮೊದಲ ವಾರ ಅದನ್ನು ದಿನವೂ ಬರೆದೆ, ಆಮೇಲೆ ಬಿಟ್ಟುಬಿಟ್ಟೆ. ಅಷ್ಟು ಹೊತ್ತಿಗೆ ಕಾಫಿ ಆಗಿರುತ್ತದೆ.